ಮೂಕಿ ಭಾರ ಎಷ್ಟೈತೆ?

ನನ್ನ ಮೊದಲ ತಪ್ಪಿನ ಅಳತೆ 2.4 ಮಿಲಿಮೀಟರ್.

ಮೈಸೂರಿನ ಬನ್ನಿಮಂಟಪದ ಒಂದು ಲೇತ್ ಅಂಗಡಿಗೆ ಬೇರೇನೋ ಕೆಲಸಕ್ಕೆ ಹೋಗಿದ್ದೆ. ಜೀಪಿನ ಹಿಂದೆ ಹೊಸದಾಗಿ ಕೂರಿಸಿದ್ದ ಹಿಚ್ ಬಾಲ್, ಅಂದರೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು, ಅಲ್ಲಿನ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಸುಮ್ನೆ ಕುತೂಹಲಕ್ಕೆ ವರ್ನಿಯರ್ ಹಿಡಿದು ಅಳೆದರು. "47.6 ಬರ್ತಿದೆ. ನಿಮ್ಮ ಟ್ರೇಲರ್ ಕಪ್ಲರ್ ಎಷ್ಟರದು?" ಅಂದರು. ಕಪ್ಲರ್ ಅಂದರೆ ಬಾಲ್ ಮೇಲೆ ಕವುಚಿ ಕೂರುವ, ಟ್ರೇಲರಿನ ಮೂತಿಯ ಬಟ್ಟಲು. ಅದರ ಅಳತೆ ನನಗೆ ಗೊತ್ತಿರಲಿಲ್ಲ. ಬಾಲ್ ಅಂದರೆ ಬಾಲ್, ಅಲ್ವಾ? ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಕಪ್ಲರ್‌ನ ನೆತ್ತಿಯ ಮೇಲೆ, ಹಳೇ ಬಣ್ಣದ ಅಡಿಯಲ್ಲಿ, 50 ಅಂತ ಅಚ್ಚು ಹೊಡೆದಿತ್ತು.

ಹಳೇ ಬಿಡಿಭಾಗಗಳ ಅಂಗಡಿಯವರು ನನಗೆ ಕೊಟ್ಟಿದ್ದು 1⅞ ಇಂಚಿನ ಬಾಲ್. ಪಕ್ಕದಲ್ಲಿ ಇಟ್ಟರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಮೋಸ ಎಲ್ಲಿ ಅಂದರೆ, ಕಪ್ಲರ್ ಅದರ ಮೇಲೆ ಸಲೀಸಾಗಿ ಕೂರುತ್ತಿತ್ತು, ಹಿಡಿಕೆ ಟಕ್ ಅಂತ ಲಾಕೂ ಆಗುತ್ತಿತ್ತು. ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆ ಮಾಡಿ ನೋಡಿದೆ. ಲಾಕ್ ಮಾಡಿದ ಮೇಲೆ ಟ್ರೇಲರಿನ ಮುಂದಿನ ಜಾಕನ್ನು ತಿರುಗಿಸಿ ಎತ್ತಬೇಕು. ಸರಿಯಾಗಿ ಹಿಡಿದಿದ್ದರೆ ಜೀಪಿನ ಹಿಂಭಾಗವೂ ಜೊತೆಗೆ ಏಳುತ್ತದೆ. ನಮ್ಮದರಲ್ಲಿ ಜೀಪು ಅಲ್ಲೇ ಇತ್ತು. ಟ್ರೇಲರಿನ ಮೂತಿ ಮಾತ್ರ ಬಾಲ್ ಬಿಟ್ಟು ಮೇಲೆ ಬಂತು. ಅದೇ ಜಾಗದಲ್ಲಿ ಐದು ನಿಮಿಷ ಕೂತಿದ್ದೆ. ಆ ವಾರದ ಕೊನೆಗೆ ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೊರಡುವುದಿತ್ತು.

50 ಮಿ.ಮೀ. ಬಾಲ್ ತರಿಸಿದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. 2 ಇಂಚಿನ ಬಾಲ್ ಅಂತ ಸಿಗುವುದು 50.8 ಮಿ.ಮೀ. ಅದನ್ನೂ ಇದನ್ನೂ ಒಂದೇ ಅಂತ ಮಾರುತ್ತಾರೆ. ಒಂದೇ ಅಲ್ಲ. 50ರ ಕಪ್ಲರ್ ಒಳಗೆ 50.8 ಪೂರ್ತಿ ಕೂರುವುದಿಲ್ಲ. ಈಗ ನನ್ನ ಡ್ಯಾಶ್‌ಬೋರ್ಡಿನಲ್ಲಿ ಒಂದು ವರ್ನಿಯರ್ ಖಾಯಂ ಇದೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಊರು ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ಒಂದನ್ನು ತೆಗೆದುಕೊಂಡೆವು. ಎರಡು ಹಾಸಿಗೆ, ಒಂದು ಒಲೆ, ಒಂದು ಸಿಂಕು, ಹಿಂಭಾಗದಲ್ಲಿ 60 ಲೀಟರಿನ ನೀರಿನ ಟ್ಯಾಂಕು. ಒಂದೇ ಅಚ್ಚು, ಎರಡೇ ಚಕ್ರ. ಖಾಲಿ ತೂಕ 640 ಕೆಜಿ, ತುಂಬಬಹುದಾದ ಮಿತಿ 900 ಕೆಜಿ. ಎಳೆಯಲು ಮನೆಯಲ್ಲೇ ಇದ್ದ ಏಳು ಸೀಟಿನ ಡೀಸೆಲ್ ಜೀಪು. ಲ್ಯಾಡರ್ ಚಾಸಿ, ಅಂದರೆ ಅಡಿಯಲ್ಲಿ ಏಣಿಯಂಥ ಉಕ್ಕಿನ ಚೌಕಟ್ಟು. ಹಿಂದೆ ಪಟ್ಟಿ ಸ್ಪ್ರಿಂಗು. ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟು, ಬೇರೆ ವಿಮೆ. ಕೊಳ್ಳುವಾಗಲೇ ಇವೆಲ್ಲ ಇದೆಯೇ ಅಂತ ನೋಡಿಕೊಂಡಿದ್ದೆ. ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಬಹಳ ದಿನ ಅದೊಂದೇ ಆಗಿ ಉಳಿಯಿತು.

ಹಿಚ್ ಅಂದರೆ ಒಂದು ಕೊಕ್ಕೆ, ಅಷ್ಟೆ ಅಂದುಕೊಂಡಿದ್ದೆ. ಕೇಳಿದ ಕಡೆಯೆಲ್ಲ ಒಂದೊಂದು ಸಲಹೆ ಬಂತು. ಒಬ್ಬ ವೆಲ್ಡರ್ "ಬಂಪರ್‌ಗೇ ಒಂದು ಪ್ಲೇಟ್ ಹೊಡೆದುಬಿಡೋಣ ಸಾರ್, ಅರ್ಧ ಗಂಟೆ ಕೆಲಸ" ಅಂದ. ಬಂಪರ್ ಅಂದರೆ ತೆಳು ತಗಡು. ಅದು ಇರುವುದು ಪೆಟ್ಟು ತಿಂದು ಬಾಗುವುದಕ್ಕೆ, ಎಳೆಯುವುದಕ್ಕಲ್ಲ. ಇಷ್ಟು ನನಗೂ ಗೊತ್ತಿತ್ತು, ಹಾಗಾಗಿ ಅಲ್ಲಿಂದ ಎದ್ದು ಬಂದೆ.

ಮಂಡ್ಯದ ಹೊರಗೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನವರು ಹೇಳಿದ್ದು ಪಿನ್ ಹಿಚ್. ಟ್ರೇಲರಿನ ಬಳೆಯನ್ನು ದವಡೆಯ ಒಳಗೆ ತೂರಿಸಿ, ಮೇಲಿನಿಂದ ದಪ್ಪ ಪಿನ್ ಇಳಿಸುವುದು. ಕಬ್ಬಿನ ಗಾಡಿಗಳೆಲ್ಲ ಓಡುವುದು ಇದರಲ್ಲೇ. ಧೂಳು, ಕೆಸರು, ಹಳ್ಳ ಯಾವುದಕ್ಕೂ ಜಗ್ಗುವುದಿಲ್ಲ. ಬೆಲೆಯೂ ಕಡಿಮೆ. ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದೆ. ಆದರೆ ಬಳೆಗೂ ಪಿನ್ನಿಗೂ ನಡುವೆ ಸಂದು ಇರುತ್ತದೆ. ಗೇರ್ ಬದಲಿಸಿದಾಗ ಒಮ್ಮೆ, ಬ್ರೇಕ್ ಒತ್ತಿದಾಗ ಒಮ್ಮೆ, ಧಡ್ ಧಡ್ ಅಂತ ಗುದ್ದುತ್ತದೆ. ನಿಧಾನವಾಗಿ ಹೋಗುವ ಟ್ರ್ಯಾಕ್ಟರಿಗೆ ಅದು ಲೆಕ್ಕಕ್ಕಿಲ್ಲ. 60ರಲ್ಲಿ ಓಡುವ ಜೀಪಿಗೆ, ಹಿಂದೆ ತಟ್ಟೆ ಲೋಟ ಇಟ್ಟುಕೊಂಡ ಮನೆಗೆ, ಅದು ಆಗಿಬರುವುದಿಲ್ಲ. ಬಾಲ್ ಮತ್ತು ಕಪ್ಲರ್ ಮಾತ್ರ ಸಂದಿಲ್ಲದೆ ಎಲ್ಲ ಕಡೆಗೂ ಹೊರಳುತ್ತವೆ. ಟ್ರೇಲರಿನಲ್ಲಿ ಇದ್ದದ್ದೂ ಬಾಲ್ ಕಪ್ಲರೇ. ಅದನ್ನು ಕತ್ತರಿಸಿ ಬಳೆ ಹಾಕುವ ಮನಸ್ಸಾಗಲಿಲ್ಲ.

ಕೊನೆಗೆ ಚಾಸಿಗೆ ಬೋಲ್ಟ್ ಹಾಕುವ ಟೋ ಬಾರ್, ಅಂದರೆ ಬಾಲನ್ನು ಹೊರುವ ಉಕ್ಕಿನ ಅಡ್ಡಪಟ್ಟಿ, ಆರಿಸಿದೆ. ಒಳ್ಳೆಯ ಟೋ ಬಾರಿನ ಮೇಲೆ ಒಂದು ಪುಟ್ಟ ತಗಡು ಇರುತ್ತದೆ. ಅದರಲ್ಲಿ ಎರಡು ಅಂಕಿ: ಡಿ ಮತ್ತು ಎಸ್. ಡಿ ಅಂದರೆ ಎಳೆತದ ಬಲ, ಕಿಲೋನ್ಯೂಟನ್‌ನಲ್ಲಿ. ಎಸ್ ಅಂದರೆ ಬಾಲ್ ಮೇಲೆ ಕೂರಬಹುದಾದ ಭಾರ, ಕೆಜಿಯಲ್ಲಿ. ಡಿ ಲೆಕ್ಕ ಸುಲಭ. ಎಳೆಯುವ ಗಾಡಿಯ ಪೂರ್ಣ ತೂಕ ಮತ್ತು ಟ್ರೇಲರಿನ ತೂಕವನ್ನು ಟನ್‌ನಲ್ಲಿ ಗುಣಿಸಿ, ಅದನ್ನು ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಬೇಕು. ನಮ್ಮ ಜೀಪು ಜನ ತುಂಬಿದಾಗ 2.2 ಟನ್, ಟ್ರೇಲರ್ 0.9 ಟನ್. ಲೆಕ್ಕ 6.3ರ ಹತ್ತಿರ ಬಂತು. ನಾನು ತಂದ ಬಾರಿನ ಡಿ ಅದಕ್ಕಿಂತ ಜಾಸ್ತಿ ಇತ್ತು. ಎಸ್ 100 ಕೆಜಿ. ಡಿ ಲೆಕ್ಕವನ್ನು ಮೂರು ಸಲ ಮಾಡಿದೆ. ಎಸ್ ಕಡೆ ಒಮ್ಮೆ ನೋಡಿ ಸುಮ್ಮನಾದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಬರುತ್ತದೆ.

ಕೂರಿಸುವಾಗ ಕಲಿತ ಒಂದು ಸೂಕ್ಷ್ಮ. ಚಾಸಿಯ ಪಟ್ಟಿ ಪೆಟ್ಟಿಗೆಯ ಹಾಗೆ, ಒಳಗೆ ಟೊಳ್ಳು. ಅಡ್ಡಕ್ಕೆ ಬೋಲ್ಟ್ ತೂರಿಸಿ ಬಿಗಿದರೆ ಎರಡು ಗೋಡೆಗಳೂ ಒಳಕ್ಕೆ ಅಪ್ಪಚ್ಚಿಯಾಗುತ್ತವೆ. ಆಮೇಲೆ ಎಷ್ಟು ಬಿಗಿದರೂ ಸಡಿಲವೇ. ಅದಕ್ಕೆ ಒಳಗೆ ಉಕ್ಕಿನ ಕೊಳವೆಯ ತುಂಡು ಇಟ್ಟು ಬೋಲ್ಟ್ ಹಾಕಬೇಕು. ಬೋಲ್ಟ್‌ಗಳ ತಲೆಯ ಮೇಲೆ 8.8 ಅಂತ ಇರಬೇಕು, ಅದು ಗಟ್ಟಿತನದ ದರ್ಜೆ. ಬೆಸುಗೆ ಬೇಡ ಅಂದೆ. ಮೊದಲ 100 ಕಿ.ಮೀ. ಆದ ಮೇಲೆ ಟಾರ್ಕ್ ಸ್ಪ್ಯಾನರ್ ಹಿಡಿದು ಮತ್ತೆ ನೋಡಬೇಕು. ನೋಡಿದಾಗ ನಮ್ಮದರಲ್ಲಿ ಎರಡು ಬೋಲ್ಟ್ ಕಾಲು ಸುತ್ತು ತಿರುಗಿದವು.

ಇಷ್ಟೆಲ್ಲ ಆಗಿ, ಸರಿಯಾದ ಬಾಲೂ ಬಂದು, ಒಂದು ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆ ಕಡೆ ಹೊರಟೆವು. ಅಲ್ಲಿ ಸ್ನೇಹಿತರ ಹೊಲದಲ್ಲಿ ಎರಡು ದಿನ ಇರುವುದು ಅಂತ. ನೀರಿನ ಟ್ಯಾಂಕ್ ಫುಲ್. ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿ ದಾಟುವವರೆಗೆ ನನ್ನಷ್ಟು ಖುಷಿಯಾದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಕನ್ನಡಿಯಲ್ಲಿ ನಮ್ಮ ಪುಟ್ಟ ಮನೆ ಹಿಂದೆ ಹಿಂದೆ ಬರುತ್ತಿತ್ತು.

ಕಡಕೊಳದ ಹತ್ತಿರ ಒಂದು ದೊಡ್ಡ ಬಸ್ಸು ನಮ್ಮನ್ನು ಹಿಂದಕ್ಕೆ ಹಾಕಿತು. ನಾನು 70ರಲ್ಲಿದ್ದೆ. ಬಸ್ಸಿನ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ಟ್ರೇಲರನ್ನು ಎಡಕ್ಕೆ ನೂಕಿತು. ಬಸ್ಸು ಮುಂದೆ ಹೋದಾಗ ಬಲಕ್ಕೆ ಎಳೆಯಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಎಡ, ಬಲ, ಎಡ, ಬಲ, ಪ್ರತಿ ಸಲ ಇನ್ನಷ್ಟು ಜಾಸ್ತಿ. ಸ್ಟೀರಿಂಗ್ ತಾನಾಗಿ ತಿರುಗುತ್ತಿದೆಯೇನೋ ಅನ್ನಿಸಿತು. ಹೆದರಿ ಬ್ರೇಕ್ ಒತ್ತಿದೆ. ಅದೇ ತಪ್ಪು. ಓಲಾಟ ಇನ್ನೂ ಜೋರಾಯಿತು. ಬ್ರೇಕಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಗಟ್ಟಿಯಾಗಿ ಹಿಡಿದೆ. ಜಾಣತನದಿಂದಲ್ಲ, ಇನ್ನೇನೂ ತೋಚಲಿಲ್ಲ. ವೇಗ 50ಕ್ಕೆ ಇಳಿದ ಮೇಲೆ ತಾನೇ ನಿಂತಿತು. ರಸ್ತೆ ಬದಿಗೆ ಹಾಕಿದೆ. ಮಗಳು "ಅಪ್ಪಾ, ಇನ್ನೊಂದ್ಸಲ" ಅಂದಳು. ಹೆಂಡತಿ ಏನೂ ಅನ್ನಲಿಲ್ಲ. ಅದು ಹೆಚ್ಚು ಭಯದ್ದು.

ಗುಂಡ್ಲುಪೇಟೆಗೆ ಹೋಗಲಿಲ್ಲ. 40ರಲ್ಲಿ ಮೈಸೂರಿಗೆ ವಾಪಸ್ ಬಂದು, ಮಾರನೇ ದಿನ ಟ್ರೇಲರನ್ನು ನಿಧಾನವಾಗಿ ಊರಿಗೆ ಎಳೆದುಕೊಂಡು ಹೋದೆ. ಅಲ್ಲಿ ಜಾಗ ಇದೆ, ಉಪಕರಣ ಇದೆ, ಅಪ್ಪ ಇದ್ದಾರೆ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮೂಕಿ ಭಾರ ಎಷ್ಟೈತೆ, ನೋಡ್ದಾ?"

ಎತ್ತಿನ ಗಾಡಿ ಹೊಡೆದವರಿಗೆ ಈ ಮಾತು ವಿವರಿಸಬೇಕಿಲ್ಲ. ನಮ್ಮೂರ ಕಡೆ ಗಾಡಿಯ ಮುಂದಕ್ಕೆ ಚಾಚಿದ ಮರಕ್ಕೆ ಮೂಕಿ ಅನ್ನುತ್ತಾರೆ. ಅದರ ತುದಿಯಲ್ಲಿ ನೊಗ. ಕಬ್ಬು ಹೇರುವಾಗ ಹಿಂದಕ್ಕೆ ಜಾಸ್ತಿ ಹೇರಿದರೆ ಹಿಂಭಾರ. ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಕಣ್ಣಿ ಬಿಗಿದು ಉಸಿರು ಕಟ್ಟುತ್ತದೆ. ಮುಂದಕ್ಕೆ ಜಾಸ್ತಿ ಹೇರಿದರೆ ಮುಂಭಾರ. ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ಅದಕ್ಕೆ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಒಬ್ಬರು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಎತ್ತಿದಾಗ ಸ್ವಲ್ಪ ಭಾರ ಅನ್ನಿಸಬೇಕು, ಸೊಂಟ ಹಿಡಿಯುವಷ್ಟಲ್ಲ. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಕಾರ್ಖಾನೆಗೆ ಅಪ್ಪನ ಕಾಲದಲ್ಲಿ ಹಳ್ಳಿಕಾರ್ ಎತ್ತುಗಳು ಎಳೆದ ಕಬ್ಬೆಲ್ಲ ಹೀಗೆ ಕೈತೂಕ ನೋಡಿಯೇ ಹೊರಟದ್ದು. ಅದನ್ನೇ ಬೇರೆ ದೇಶದವರು ಟಂಗ್ ವೇಟ್ ಅನ್ನುತ್ತಾರೆ, ನೋಸ್ ವೇಟ್ ಅನ್ನುತ್ತಾರೆ. ನನ್ನ ಟೋ ಬಾರಿನ ತಗಡಿನಲ್ಲಿ ಎಸ್ ಅಂತ ಬರೆದಿದ್ದೂ ಅದನ್ನೇ. ನಾನು ಎಳೆಯುವ ಬಲದ ಲೆಕ್ಕವನ್ನು ಮೂರು ಸಲ ಮಾಡಿದ್ದೆ. ಮೂಕಿಯನ್ನು ಒಂದು ಸಲವೂ ಎತ್ತಿ ನೋಡಿರಲಿಲ್ಲ.

ಅಪ್ಪ ಎತ್ತಿ ನೋಡಿದರು. ಎಪ್ಪತ್ತು ದಾಟಿದ ಮನುಷ್ಯ, ಒಂದು ಕೈಯಲ್ಲಿ. "ಇದು ಹಿಂಭಾರ ಕಣ್ಲಾ" ಅಂದರು.

ಕೈತೂಕ ಸಾಲದು, ಅಂಕಿ ಬೇಕು ಅಂತ ನಾನು. ಟ್ರೇಲರನ್ನು ಹೊರಟ ದಿನ ಇದ್ದ ಹಾಗೇ ಇಟ್ಟುಕೊಂಡು, ನೀರೂ ಚೆಲ್ಲದೆ, ವೇಬ್ರಿಡ್ಜ್‌ಗೆ ಹೋದೆ. ಕಬ್ಬಿನ ಲಾರಿಗಳ ನಡುವೆ ನಮ್ಮ ಸರದಿ ಬಂದಾಗ ಅಲ್ಲಿನ ಹುಡುಗ ಪರದೆ ನೋಡಿ ನಕ್ಕ. "ಎಂಟೂವರೆ ಕ್ವಿಂಟಾಲ್‌ಗೆ ಇಲ್ಲಿಗೆ ಬಂದ್ರಾ ಸಾರ್?" 850 ಕೆಜಿ. ಮೂಕಿ ಭಾರ ನೋಡಲು ಈ ಯಂತ್ರ ಒರಟು, 10 ಕೆಜಿಗೊಂದು ಹೆಜ್ಜೆ ಹಾಕುತ್ತದೆ. ಅದಕ್ಕೆ ಮನೆಯಲ್ಲಿ ಮನುಷ್ಯರು ನಿಲ್ಲುವ ತಕ್ಕಡಿಯನ್ನೇ ಬಳಸಿದೆ. ಕಪ್ಲರ್ ಜೀಪಿಗೆ ಹಾಕಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಮರದ ತುಂಡು ಕೊಯ್ದು, ತಕ್ಕಡಿಯ ಮೇಲೆ ನಿಲ್ಲಿಸಿ, ಕಪ್ಲರನ್ನು ಅದರ ಮೇಲೆ ಇಳಿಸಿದೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ. 38 ಕೆಜಿ.

850ಕ್ಕೆ 38 ಅಂದರೆ ನೂರಕ್ಕೆ ನಾಲ್ಕೂವರೆ. ಅಮೆರಿಕದಲ್ಲಿ ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಮೂಕಿಯ ಮೇಲಿರಲಿ ಅನ್ನುತ್ತಾರೆ. ಯುರೋಪಿನ ಸಣ್ಣ ಕಾರುಗಳವರು ಇನ್ನೂ ಕಡಿಮೆಯಲ್ಲಿ, 5ರಿಂದ 7ರಲ್ಲಿ, ನಡೆಸುತ್ತಾರೆ. ನಾನು ಎರಡೂ ಕಡೆ ಸೇರಿರಲಿಲ್ಲ.

ಎಲ್ಲಿ ಹೋಯಿತು ಭಾರ? ನೀರಿನ ಟ್ಯಾಂಕು ಅಚ್ಚಿನ ಹಿಂದೆ ಸುಮಾರು 1.2 ಮೀಟರ್ ದೂರದಲ್ಲಿತ್ತು. ಅಚ್ಚಿನಿಂದ ಬಾಲ್‌ಗೆ 3 ಮೀಟರ್. ಏತದ ಮರದ ಲೆಕ್ಕವೇ ಇದು. ಹಿಂದಿನ 60 ಕೆಜಿ ನೀರು ಮೂಕಿಯಿಂದ 24 ಕೆಜಿ ಎತ್ತಿಬಿಡುತ್ತಿತ್ತು. ಟ್ಯಾಂಕ್ ಖಾಲಿ ಮಾಡಿದ ಮೇಲೆ ತಕ್ಕಡಿ 62 ತೋರಿಸಿತು. ಆಮೇಲೆ ಸ್ಟೆಪ್ನಿ. ಹಳೇ ಮಾಲೀಕರು ಅದನ್ನು ಚೆಂದಕ್ಕೆ ಅಂತ ಟ್ರೇಲರಿನ ಬೆನ್ನಿಗೆ ನೇತುಹಾಕಿದ್ದರು. 18 ಕೆಜಿಯ ಚಕ್ರ, ಆದರೆ ಕಟ್ಟಕಡೆಯಲ್ಲಿ. ಒಮ್ಮೆ ಓಲಾಡಲು ಶುರುವಾದರೆ ಬಾಲದ ತುದಿಯ ಭಾರವೇ ಅದನ್ನು ನಿಲ್ಲಲು ಬಿಡುವುದಿಲ್ಲ. ಅದನ್ನು ಮುಂದಿನ ಕೋನದ ಕಂಬಿಗೆ ಬೋಲ್ಟ್ ಮಾಡಿದೆವು. ತಕ್ಕಡಿ 82ಕ್ಕೆ ಬಂತು. ಒಟ್ಟು ತೂಕ ಈಗ 790. ನೂರಕ್ಕೆ ಹತ್ತರ ಮೇಲೆ, ಎಸ್‌ನ 100ರ ಒಳಗೆ. ಅಪ್ಪ ಮತ್ತೆ ಎತ್ತಲು ಹೋದರು. ಎರಡು ಕೈ ಬೇಕಾಯಿತು. "ಈಗ ಹೂಡು" ಅಂದರು.

ಹೂಡುವ ಮೊದಲು ಎತ್ತರದ ಕೆಲಸ ಬಾಕಿ ಇತ್ತು. ಜೀಪಿನ ಬಾಲ್ ನೆಲದಿಂದ 52 ಸೆಂ.ಮೀ. ಟ್ರೇಲರ್ ಮಟ್ಟವಾಗಿ ನಿಂತಾಗ ಕಪ್ಲರ್ 43. ಅಂದರೆ ಇಷ್ಟು ದಿನ ಟ್ರೇಲರ್ ಮೂತಿ ಎತ್ತಿಕೊಂಡು, ಬೆನ್ನು ತಗ್ಗಿಸಿಕೊಂಡು ಓಡಿತ್ತು. ಹಾಗೆ ಓಡಿದರೆ ಭಾರ ಇನ್ನಷ್ಟು ಹಿಂದಕ್ಕೆ ಜಾರುತ್ತದೆ. ಭಾರ ಬಿದ್ದಾಗ ಜೀಪಿನ ಹಿಂಭಾಗ ಒಂದೆರಡು ಸೆಂ.ಮೀ. ಕೂರುತ್ತದೆ, ಅದನ್ನು ಕಳೆದು 7 ಸೆಂ.ಮೀ. ಇಳಿಸುವ ಡ್ರಾಪ್ ಪ್ಲೇಟ್ ಹಾಕಿಸಿದೆ. ಈಗ ಕೂಡಿಸಿ ನಿಲ್ಲಿಸಿದರೆ ಟ್ರೇಲರಿನ ನೆಲದ ಮೇಲೆ ಇಟ್ಟ ಗೋಲಿ ಉರುಳುವುದಿಲ್ಲ. ಪರೀಕ್ಷೆ ಮಗಳದು, ಗೋಲಿಯೂ ಅವಳದೇ.

ಈ ಹೊತ್ತಿಗೆ ನನಗೆ ಇನ್ನೊಂದು ಹುಚ್ಚು ಹಿಡಿದಿತ್ತು: ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಕಡಕೊಳದ ರಾತ್ರಿ ನಿದ್ದೆ ಬರದೆ ವಿಡಿಯೊ ನೋಡುತ್ತಾ ಸಿಕ್ಕಿದ್ದು. ಹಿಚ್ಚಿನಿಂದ ಟ್ರೇಲರಿನ ಕಂಬಿಗಳ ಕಡೆಗೆ ಎರಡು ಸ್ಪ್ರಿಂಗ್ ಸಲಾಕೆಗಳು ಚಾಚಿರುತ್ತವೆ. ಅವನ್ನು ಚೈನಿನಿಂದ ಎಳೆದು ಬಿಗಿದರೆ ಹಾರೆಯಂತೆ ಕೆಲಸ ಮಾಡಿ, ಹಿಂದಿನ ಚಕ್ರದ ಮೇಲೆ ಬಿದ್ದ ಭಾರದಲ್ಲಿ ಒಂದು ಪಾಲನ್ನು ಮುಂದಿನ ಚಕ್ರಕ್ಕೂ ಇನ್ನೊಂದು ಪಾಲನ್ನು ಟ್ರೇಲರಿನ ಅಚ್ಚಿಗೂ ಹಂಚುತ್ತವೆ. ನೋಡಿದರೆ ಇದೇ ಎಲ್ಲಕ್ಕೂ ಮದ್ದು ಅನ್ನಿಸುತ್ತದೆ. ತರಿಸುವುದೇ ಅಂತ ಹೊರಟಿದ್ದೆ. ಮೊದಲು ನಮಗೆ ಬೇಕೇ ಅಂತ ಅಳೆದು ನೋಡಿದ್ದು ಪುಣ್ಯ.

ನಾಲ್ಕೂ ಚಕ್ರದ ಕಮಾನಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದುಕೊಂಡೆ. ಟ್ರೇಲರ್ ಹಾಕಿ ಮತ್ತೆ ಅಳೆದೆ. ಹಿಂಭಾಗ 2 ಸೆಂ.ಮೀ. ಕೂತಿತ್ತು. ಮುಂಭಾಗ ಅರ್ಧ ಸೆಂ.ಮೀ. ಎದ್ದಿತ್ತು. ಲೆಕ್ಕ ಹೀಗೆ: ಬಾಲ್ ಹಿಂದಿನ ಅಚ್ಚಿನಿಂದ 1.1 ಮೀಟರ್ ಆಚೆ ಇದೆ, ಎರಡು ಅಚ್ಚುಗಳ ನಡುವೆ 2.7 ಮೀಟರ್. ಬಾಲ್ ಮೇಲೆ 82 ಕೆಜಿ ಕೂತರೆ ಮುಂದಿನ ಚಕ್ರಗಳಿಂದ 33 ಕೆಜಿ ಕಳಚಿಕೊಳ್ಳುತ್ತದೆ. ಹಿಂದಿನ ಚಕ್ರಗಳಿಗೆ 115 ಸೇರುತ್ತದೆ. ನಮ್ಮ ಜೀಪಿಗೆ ಇದು ಮುಂದೆ ಒಬ್ಬ ಹುಡುಗ ಇಳಿದು, ಹಿಂದೆ ಇಬ್ಬರು ಹತ್ತಿದಷ್ಟು. ಮೂಕಿ ಭಾರವೇ 300 ಕೆಜಿ ಇರುವ ದೊಡ್ಡ ಟ್ರೇಲರುಗಳಲ್ಲಿ ಕಥೆ ಬೇರೆ. ಅಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲುತ್ತದೆ, ಹೆಡ್‌ಲೈಟ್ ಮರ ನೋಡುತ್ತದೆ. ಅವರಿಗೆ ಆ ಸಲಾಕೆಗಳು ಬೇಕೇ ಬೇಕು.

ಅದಲ್ಲದೆ ನಮ್ಮ ಟ್ರೇಲರಿನದು ತಳ್ಳು ಬ್ರೇಕು. ಜೀಪು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ, ಕಪ್ಲರಿನ ದಂಡ ಒಳಕ್ಕೆ ಜಾರುತ್ತದೆ, ಆ ಜಾರಿಕೆಯೇ ಟ್ರೇಲರಿನ ಬ್ರೇಕನ್ನು ಎಳೆಯುತ್ತದೆ. ಸ್ಪ್ರಿಂಗ್ ಸಲಾಕೆ ಬಿಗಿದರೆ ಆ ದಂಡ ಸಲೀಸಾಗಿ ಜಾರುವುದು ಹೇಗೆ? ಬ್ರೇಕ್ ಕೊಟ್ಟು ಹಿಚ್ ಕೊಂಡ ಹಾಗಾಗುತ್ತಿತ್ತು. ಆ ಆಸೆ ಅಲ್ಲಿಗೆ ಬಿಟ್ಟೆ.

ವೈರಿಂಗ್ ಬಗ್ಗೆ ಎರಡೇ ಮಾತು. ಏಳು ಪಿನ್ನಿನ ಸಾಕೆಟ್ಟು. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕು, ಬಿಳಿ ಅರ್ತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿದ್ದರೆ, ಬಲ್ಬ್ ಬದಲಿಸುತ್ತಾ ಕೂರಬೇಡಿ. ಬಿಳಿ ವೈರಿನ ತುದಿ ಬಿಚ್ಚಿ, ತುಕ್ಕು ಉಜ್ಜಿ ಹಾಕಿ. ನಾನು ನಾಲ್ಕು ಬಲ್ಬ್ ಬದಲಿಸಿದ ಮೇಲೆ ಇದನ್ನು ಕಲಿತೆ.

ಚೈನ್ ಎರಡು, ಮೂಕಿಯ ಕೆಳಗೆ ಅಡ್ಡಡ್ಡಲಾಗಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕಪ್ಲರ್ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಜೋಲಿಯಲ್ಲಿ ಕೂತ ಹಾಗಿರುತ್ತದೆ. ಅಪ್ಪನ ಟ್ರ್ಯಾಕ್ಟರಿಗೆ ಇದುವರೆಗೆ ಚೈನ್ ಇರಲಿಲ್ಲ. ನಮ್ಮದು ನೋಡಿ ಒಂದು ಹಾಕಿಸಿಕೊಂಡರು.

ನೀರಿಲ್ಲದೆ, ಸ್ಟೆಪ್ನಿ ಮುಂದೆ ಹಾಕಿಕೊಂಡು ಅದೇ ನಂಜನಗೂಡು ರಸ್ತೆಗೆ ಮತ್ತೆ ಹೋದೆ. ಈ ಸಲ ಒಬ್ಬನೇ. ಮೊದಲು 50, ಆಮೇಲೆ 60. ಕಡಕೊಳದಲ್ಲಿ ಬಸ್ಸಿಗಾಗಿ ಕಾಯುತ್ತಾ ಓಡಿಸಿದ್ದು ನಾನೊಬ್ಬನೇ ಇರಬೇಕು. ಬಂತು. ಟ್ರೇಲರ್ ಒಮ್ಮೆ ಭುಜ ಕುಣಿಸಿ ಸುಮ್ಮನಾಯಿತು.

ಇಷ್ಟಾದರೂ ಹೆಂಡತಿಯ ಸಮಾಧಾನಕ್ಕೆ, ನಿಜ ಹೇಳಬೇಕೆಂದರೆ ನನ್ನದಕ್ಕೂ, ಒಂದು ಸ್ಟೆಬಿಲೈಸರ್ ಕಪ್ಲರ್ ಹಾಕಿಸಿದೆ. ಬೆಲೆ ಎರಡು ಟೈರಿಗಿಂತ ಜಾಸ್ತಿ. ಅದರ ಒಳಗೆ ಬ್ರೇಕ್ ಪ್ಯಾಡಿನಂಥ ತುಂಡುಗಳಿದ್ದು ಬಾಲನ್ನು ಗಟ್ಟಿಯಾಗಿ ಅದುಮುತ್ತವೆ. ಟ್ರೇಲರ್ ಓಲಾಡಲು ಹೋದರೆ ಆ ಉಜ್ಜಾಟ ತಡೆಯುತ್ತದೆ. ಭಾರ ತಪ್ಪಾಗಿ ಹೇರಿದ್ದನ್ನು ಇದು ಸರಿ ಮಾಡುವುದಿಲ್ಲ. ಮೊದಲೇ ಇದನ್ನು ಕೊಂಡಿದ್ದರೆ 38 ಕೆಜಿಯ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ, ಇನ್ನೂ 20 ಕಿ.ಮೀ. ಜೋರಾಗಿ ಓಡಿಸುತ್ತಿದ್ದೆ ಅಷ್ಟೆ. ಇದಕ್ಕೆ ಒಂದು ಷರತ್ತು: ಮಾಮೂಲಿ ಬಾಲ್‌ಗೆ ಗ್ರೀಸ್ ಬೇಕು. ಇದಕ್ಕೆ ಒಂದು ತೊಟ್ಟೂ ಕೂಡದು, ಬಾಲ್ ಮೇಲಿನ ಬಣ್ಣವನ್ನೂ ಉಜ್ಜಿ ತೆಗೆಯಬೇಕು.

ಕಳೆದ ತಿಂಗಳು ಗುಂಡ್ಲುಪೇಟೆಗೆ ಕೊನೆಗೂ ಹೊರಟೆವು. ಹಿಂದಿನ ರಾತ್ರಿ ಊರಿನಲ್ಲೇ ಉಳಿದು, ಟ್ರೇಲರನ್ನು ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಜೀಪಿನ ಹಿಂದೆ ಬಾಲ್ ಕಪ್ಪಗೆ ಮಿರಮಿರ ಹೊಳೆಯುತ್ತಿದೆ. ಪಕ್ಕದಲ್ಲಿ ಕೀಲೆಣ್ಣೆಯ ಡಬ್ಬ. ಅಪ್ಪ ಹಲ್ಲುಜ್ಜುತ್ತಾ ಬಂದು "ಒಣಗೋಗಿತ್ತು ಕಣೋ, ಚೆನ್ನಾಗಿ ಬಳಿದಿವ್ನಿ. ಒಂದು ವರ್ಷ ನೋಡೋಹಂಗಿಲ್ಲ" ಅಂದರು.

ಹೂ ಅಂದೆ. ಅವರು ಹಾಲು ಕರೆಯಲು ಒಳಗೆ ಹೋದ ಮೇಲೆ, ಥಿನ್ನರ್ ಬಾಟಲಿ, ಹಳೇ ಬನಿಯನ್ನು ತಂದು, ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸದ್ದಾಗದ ಹಾಗೆ ಒರೆಸಲು ಶುರು ಮಾಡಿದೆ.